‘ಪಾಸಿಟಿವ್’ ಎಂದ ಮಾತ್ರಕ್ಕೆ: ಹರ್ಪಿಸ್ ವರದಿಯ ನಂಬಿಕೆ ಎಷ್ಟು?

ಶಿವಮೊಗ್ಗದ ದುರ್ಗಿಗುಡಿಯ ಬೀದಿಗಳಲ್ಲಿ ವೈದ್ಯರ ನಾಮಫಲಕಗಳಿಗೂ ರಕ್ತ ಪರೀಕ್ಷಾ ಕೇಂದ್ರಗಳ ಫಲಕಗಳಿಗೂ ಪೈಪೋಟಿ ನಡೆದಂತೆ ಕಾಣುತ್ತದೆ. ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಭದ್ರಾವತಿಯ ಚಿತ್ರವೂ ಬೇರೆಯಲ್ಲ. ಉಕ್ಕಿನ ಕಾರ್ಖಾನೆ ತುಂಬು ಕೆಲಸದಲ್ಲಿದ್ದ ಕಾಲದಲ್ಲಿ ಅಲ್ಲಿನ ಕಾರ್ಮಿಕ ಕುಟುಂಬಗಳಿಗೆ ಕಾರ್ಖಾನೆಯ ಆಸ್ಪತ್ರೆಯೇ ಆಸರೆಯಾಗಿತ್ತು. ಪರೀಕ್ಷೆ ಬರೆದುಕೊಡುವವರು, ರಕ್ತ ತೆಗೆಯುವವರು, ವರದಿ ಓದಿ ಹೇಳುವವರು ಒಂದೇ ಸೂರಿನಡಿ ಇರುತ್ತಿದ್ದರು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು; ಕಾಗದದ ಕಾರ್ಖಾನೆಯ ಯಂತ್ರಗಳು ಅದಕ್ಕೂ ಎಷ್ಟೋ ಮುಂಚೆಯೇ ನಿಂತಿದ್ದವು. ಇಂದು ರಕ್ತ ಕೊಡುವುದು ಒಂದು ಊರಿನಲ್ಲಿ, ಅದರ ಪರೀಕ್ಷೆ ನಡೆಯುವುದು ಬಹಳಷ್ಟು ಸಲ ಬೆಂಗಳೂರಿನಲ್ಲಿ, ವರದಿ ಬಂದು ಬೀಳುವುದು ಅಂಗೈಯಲ್ಲಿರುವ ಮೊಬೈಲಿಗೆ. ಓದಿ ಹೇಳುವವರು ಮಾತ್ರ ನಡುವೆ ಎಲ್ಲೋ ಕಳೆದುಹೋಗಿದ್ದಾರೆ.

ಸಕ್ಕರೆ, ಥೈರಾಯ್ಡ್, ಕೊಲೆಸ್ಟರಾಲ್‌ಗಳ ವರದಿಯ ಮಟ್ಟಿಗೆ ಈ ವ್ಯವಸ್ಥೆಯಿಂದ ಅಂಥ ಅನಾಹುತವೇನೂ ಆಗದು. ಸಂಖ್ಯೆ ತುಸು ಹೆಚ್ಚಾದರೆ ವೈದ್ಯರನ್ನು ಕಾಣುತ್ತಾರೆ, ಅಷ್ಟೆ. ಆದರೆ ಅದೇ ಹಾಳೆಯ ಕೆಳಗೆ, ಯಾರೂ ನಿರೀಕ್ಷಿಸದ ಜಾಗದಲ್ಲಿ, ‘ಹರ್ಪಿಸ್ ಸಿಂಪ್ಲೆಕ್ಸ್ 2 – ಪಾಸಿಟಿವ್’ ಎಂಬ ದಪ್ಪಕ್ಷರದ ಸಾಲೊಂದು ಬಂದರೆ? ಎರಡು ಸಲ ಗರ್ಭ ನಿಲ್ಲದೆ ನೊಂದಿರುವ ಹೆಣ್ಣುಮಗಳೊಬ್ಬಳ ಕೈಗೆ ಇಂಥ ವರದಿ ಬಂತೆಂದು ಊಹಿಸಿಕೊಳ್ಳಿ. ಅಂತರಜಾಲದಲ್ಲಿ ಹುಡುಕಿದರೆ ಮೊದಲು ಸಿಗುವ ಉತ್ತರ, ‘ಇದು ಲೈಂಗಿಕ ಸಂಪರ್ಕದಿಂದ ಹರಡುವ, ಪೂರ್ತಿ ಗುಣವಾಗದ ಸೋಂಕು’ ಎಂಬುದು. ಮನೆಯಲ್ಲಿ ಅತ್ತೆ, ಮಾವ, ಗಂಡ. ಆ ಕ್ಷಣದಿಂದ ಚರ್ಚೆಯಾಗುವುದು ಆಕೆಯ ಆರೋಗ್ಯವಲ್ಲ, ಆಕೆಯ ನಡತೆ. ಗಂಡನ ರಕ್ತವನ್ನು ಪರೀಕ್ಷೆಗೆ ಕಳುಹಿಸುವ ಮಾತು ಎಷ್ಟು ಮನೆಗಳಲ್ಲಿ ಎದ್ದೀತು ಎಂಬುದನ್ನು ಓದುಗರೇ ಊಹಿಸಬಲ್ಲರು.

ಆ ಸಾಲು ನಿಜ ಹೇಳುತ್ತಿದೆಯೇ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕಿತ್ತು. ನಮ್ಮಲ್ಲಿ ಅದನ್ನು ಕೇಳುವುದು ಕೊನೆಗೆ, ಎಷ್ಟೋ ಸಲ ಕೇಳುವುದೇ ಇಲ್ಲ.

ಹೆಸರಿನಿಂದಲೇ ಗೊಂದಲ ಶುರುವಾಗುತ್ತದೆ. ನಮ್ಮ ಜನ ಸರ್ಪಸುತ್ತು ಎಂದು ಕರೆಯುವುದು ಹರ್ಪಿಸ್ ಜೋಸ್ಟರ್ ಅನ್ನು. ಬಾಲ್ಯದಲ್ಲಿ ಬಂದುಹೋದ ಸಿಡುಬಿನಂಥ ಕೋಟಲೆಯ, ಅಂದರೆ ಚಿಕನ್‌ಪಾಕ್ಸ್‌ನ ವೈರಾಣು ನರಗಳಲ್ಲಿ ಅಡಗಿದ್ದು, ವರ್ಷಗಳ ನಂತರ ಮೇಲೇಳುವುದರಿಂದ ಅದು ಬರುತ್ತದೆ. ಲೈಂಗಿಕ ಸಂಪರ್ಕಕ್ಕೂ ಅದಕ್ಕೂ ಸಂಬಂಧವಿಲ್ಲ. ವರದಿಯಲ್ಲಿ ಕಾಣುವ ಹರ್ಪಿಸ್ ಸಿಂಪ್ಲೆಕ್ಸ್ ಅದೇ ಕುಟುಂಬದ ಬೇರೆ ವೈರಾಣು. ಅದರಲ್ಲಿ ಎರಡು ಬಗೆ. ಒಂದನೆಯದು ಬಹುಮಟ್ಟಿಗೆ ಬಾಯಿ, ತುಟಿಗಳದ್ದು. ಜ್ವರ ಬಂದು ಬಿಟ್ಟ ಮೇಲೆ ತುಟಿಯಂಚಿನಲ್ಲಿ ಏಳುವ ನೀರುಗುಳ್ಳೆ ಅದರ ಕುರುಹು. ಬಹಳ ಮಂದಿಗೆ ಇದು ತಗಲುವುದು ಎಳವೆಯಲ್ಲಿ, ಮನೆಯವರ ಮುತ್ತಿನಿಂದ. ಎರಡನೆಯದು ಮುಖ್ಯವಾಗಿ ಜನನಾಂಗದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನ ಐವತ್ತು ವರ್ಷದೊಳಗಿನವರಲ್ಲಿ 380 ಕೋಟಿ ಜನರಿಗೆ, ಎಂದರೆ ನೂರಕ್ಕೆ 64 ಮಂದಿಗೆ ಒಂದನೆಯ ಬಗೆಯ ಸೋಂಕು ಇತ್ತು. ಹದಿನೈದರಿಂದ 49ರ ವಯೋಮಾನದವರಲ್ಲಿ ಸುಮಾರು 52 ಕೋಟಿ ಜನರಿಗೆ ಎರಡನೆಯ ಬಗೆಯದು. ಇವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಕಾಣಿಸಿಕೊಳ್ಳುವುದಿಲ್ಲ, ಅಥವಾ ತೀರ ಸಣ್ಣದಾಗಿ ಕಾಣಿಸಿಕೊಂಡು ಹೋಗುತ್ತದೆ. ಕೆಲವು ಕಿಟ್‌ಗಳು ಈ ಎರಡು ಬಗೆಗಳನ್ನು ಬೇರ್ಪಡಿಸದೆ ‘ಹರ್ಪಿಸ್ 1+2’ ಎಂದು ಒಟ್ಟಾಗಿ ಫಲಿತಾಂಶ ಕೊಡುತ್ತವೆ. ಅಂಥ ಹಾಳೆಯಲ್ಲಿ ಪಾಸಿಟಿವ್ ಬಂದರೆ, ಅಜ್ಜಿ ಕೊಟ್ಟ ಮುತ್ತಿನ ನೆನಪನ್ನು ಆ ರಕ್ತ ಇಟ್ಟುಕೊಂಡಿದೆ ಎಂಬುದಕ್ಕಿಂತ ಹೆಚ್ಚಿನ ಅರ್ಥ ಇರಬೇಕಾಗಿಲ್ಲ.

ಇನ್ನು ಪರೀಕ್ಷೆಯ ವಿಚಾರ. ರಕ್ತದಲ್ಲಿ ಹುಡುಕುವುದು ವೈರಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಐಜಿಎಂ ಎಂಬುದು ಮೊದಲು ಹುಟ್ಟುವ ಪ್ರತಿಕಾಯ, ಐಜಿಜಿ ನಂತರ ಹುಟ್ಟಿ ಬಹುಕಾಲ ಉಳಿಯುವುದು ಎಂಬುದು ಪಠ್ಯಪುಸ್ತಕದ ಸರಳ ಪಾಠ. ಶಿವಮೊಗ್ಗ ಜಿಲ್ಲೆಯವರಿಗೆ ಐಜಿಎಂ ಹೊಸ ಮಾತಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆಗೆ ಇಂದಿಗೂ ಜ್ವರದ ಮೊದಲ ದಿನಗಳಲ್ಲಿ ಪಿಸಿಆರ್, ಆನಂತರ ಐಜಿಎಂ ಪರೀಕ್ಷೆ ಮಾಡುತ್ತಾರೆ. ಶಿವಮೊಗ್ಗದಲ್ಲೇ ಅದಕ್ಕೆಂದು ವೈರಾಣು ಪ್ರಯೋಗಾಲಯವಿದೆ. ಅಲ್ಲಿ ಐಜಿಎಂ ಪಾಸಿಟಿವ್ ಎಂದರೆ ಅದಕ್ಕೆ ಬೆಲೆ ಇದೆ. ಯಾಕೆಂದರೆ ಅದನ್ನು ಒಂಟಿಯಾಗಿ ಓದುವುದಿಲ್ಲ. ರೋಗಿಗೆ ಜ್ವರ ಇದೆಯೇ, ಕಾಡಿಗೆ ಹೋಗಿದ್ದನೇ, ಉಣ್ಣಿ ಕಚ್ಚಿದೆಯೇ, ಇದು ಆ ಕಾಯಿಲೆಯ ಕಾಲವೇ, ಊರ ಸುತ್ತ ಮಂಗಗಳು ಸತ್ತಿವೆಯೇ ಎಂಬೆಲ್ಲ ಸಂಗತಿಗಳ ನಡುವೆ ಇಟ್ಟು ಓದುತ್ತಾರೆ.

ಹರ್ಪಿಸ್‌ನಲ್ಲಿ ಐಜಿಎಂ ಈ ಕೆಲಸಕ್ಕೆ ಬಾರದು. ಹಳೆಯ ಸೋಂಕು ಮತ್ತೆ ಕೆದರಿದಾಗಲೂ ಅದು ಕಾಣಿಸಬಹುದು, ಒಂದನೆಯ ಬಗೆಗೂ ಎರಡನೆಯ ಬಗೆಗೂ ಅದು ವ್ಯತ್ಯಾಸ ತಿಳಿಸದು, ಯಾವ ಸೋಂಕೂ ಇಲ್ಲದವರಲ್ಲೂ ಪಾಸಿಟಿವ್ ಬರುವುದುಂಟು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2021ರ ಮಾರ್ಗಸೂಚಿ ಹರ್ಪಿಸ್ ಪತ್ತೆಗೆ ಐಜಿಎಂ ಪರೀಕ್ಷೆಯನ್ನು ಬಳಸಬೇಡಿ ಎಂದೇ ಹೇಳುತ್ತದೆ. ಅದೇ ಐಜಿಎಂ ನಮ್ಮ ಪರೀಕ್ಷಾ ಕೇಂದ್ರಗಳ ದರಪಟ್ಟಿಯಲ್ಲಿ ಇಂದಿಗೂ ಮಾಮೂಲಿ ಪದಾರ್ಥ.

ಐಜಿಜಿ ಪರೀಕ್ಷೆಯ ಕಥೆ ಇದಕ್ಕಿಂತ ಮೇಲು, ಆದರೆ ಪೂರ್ತಿ ನಂಬುವಂಥದ್ದಲ್ಲ. ಎರಡೂ ಬಗೆಯ ವೈರಾಣುಗಳು ಬಹಳಷ್ಟು ಹೋಲುವುದರಿಂದ, ಅವುಗಳಲ್ಲಿ ಭಿನ್ನವಾಗಿರುವ ಗ್ಲೈಕೋಪ್ರೋಟೀನ್-ಜಿ ಎಂಬ ಒಂದು ಅಂಶವನ್ನು ಹಿಡಿದು ಬಗೆ ನಿರ್ಧರಿಸುವ ಪರೀಕ್ಷೆ ಬೇಕು. ಅದು ಕೊಡುವುದು ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರವನ್ನಲ್ಲ, ಒಂದು ಸಂಖ್ಯೆಯನ್ನು. ಸಾಮಾನ್ಯವಾಗಿ ಬಳಕೆಯಲ್ಲಿರುವ ಕಿಟ್‌ಗಳಲ್ಲಿ 0.9ಕ್ಕಿಂತ ಕೆಳಗಿದ್ದರೆ ನೆಗೆಟಿವ್, 1.1ಕ್ಕಿಂತ ಮೇಲಿದ್ದರೆ ಪಾಸಿಟಿವ್, ನಡುವಿನದು ಅನಿಶ್ಚಿತ. ಇಲ್ಲೇ ಎಡವಟ್ಟು. 1.3 ಬಂದವರೂ ಪಾಸಿಟಿವ್, 9 ಬಂದವರೂ ಪಾಸಿಟಿವ್; ಎರಡೂ ಹಾಳೆಗಳಲ್ಲಿ ಅಕ್ಷರ ಅಷ್ಟೇ ದಪ್ಪ. ಆದರೆ ಎರಡಕ್ಕೂ ಅಜಗಜಾಂತರ. ಅಮೆರಿಕದಲ್ಲಿ ಬಹುವಾಗಿ ಬಳಸುವ ಒಂದು ಕಿಟ್‌ನಲ್ಲಿ 1.1ರಿಂದ 2.9ರ ನಡುವೆ ಬಂದ ಎರಡನೆಯ ಬಗೆಯ ಪಾಸಿಟಿವ್‌ಗಳನ್ನು ಹೆಚ್ಚು ಖಚಿತವಾದ ವೆಸ್ಟರ್ನ್ ಬ್ಲಾಟ್ ವಿಧಾನದಿಂದ ಮರುಪರೀಕ್ಷಿಸಿದಾಗ, ನಿಜವೆಂದು ಸಾಬೀತಾದವು ನೂರಕ್ಕೆ ನಲವತ್ತರಷ್ಟು ಮಾತ್ರ. ಮೂರಕ್ಕಿಂತ ಕಡಿಮೆ ಸಂಖ್ಯೆ ಬಂದರೆ ಬೇರೆ ವಿಧಾನದ ಎರಡನೆಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು ಎಂದು ಅಲ್ಲಿನ ಮಾರ್ಗಸೂಚಿ ಹೇಳುವುದು ಈ ಕಾರಣಕ್ಕೆ. ಈ ಅಂಕಿಗಳು ಆ ಒಂದು ಕಿಟ್‌ಗೆ ಸಂಬಂಧಿಸಿದವು, ಪ್ರತಿ ಕಿಟ್‌ಗೂ ಅದರದೇ ಗುಣದೋಷ ಇರುತ್ತದೆ ಎಂಬುದು ನಿಜ. ಹಾಗಿದ್ದ ಮೇಲೆ ನಮ್ಮಲ್ಲಿ ಬಳಸುವ ಕಿಟ್‌ ಯಾವುದು ಎಂಬುದನ್ನು ವರದಿಯಲ್ಲಿ ಮುದ್ರಿಸಬೇಕಾದುದು ಇನ್ನಷ್ಟು ಅಗತ್ಯವಲ್ಲವೇ?

ತಂತ್ರಜ್ಞರ ಅಜಾಗರೂಕತೆಯೇ ಇದಕ್ಕೆಲ್ಲ ಕಾರಣ ಎಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಅದು ಸರಿಯಲ್ಲ. ಮಾದರಿ ಅದಲುಬದಲಾಗುವುದು, ಹೆಸರು ತಪ್ಪುವುದು ಇದ್ದೇ ಇದೆ. ಅವೆಲ್ಲ ಇಲ್ಲದೆ, ಅತ್ಯಂತ ಶಿಸ್ತಿನ ಪ್ರಯೋಗಾಲಯದಲ್ಲೂ ಸುಳ್ಳು ಪಾಸಿಟಿವ್ ಬರುತ್ತದೆ. ಸರಳ ಲೆಕ್ಕವೊಂದನ್ನು ಹಿಡಿಯೋಣ. ಸಾವಿರ ಜನರಲ್ಲಿ 50 ಮಂದಿಗೆ ಮಾತ್ರ ನಿಜವಾದ ಸೋಂಕು ಇದೆ ಎಂದುಕೊಳ್ಳಿ. ಪರೀಕ್ಷೆ ನೂರಕ್ಕೆ 95ರಷ್ಟು ನಿಖರ ಎಂದುಕೊಳ್ಳಿ. ಕೇಳಲು ದೊಡ್ಡ ಅಂಕಿಯೇ. ಸೋಂಕಿರುವ 50 ಜನರಲ್ಲಿ 47 ಅಥವಾ 48 ಮಂದಿಯನ್ನು ಅದು ಹಿಡಿಯುತ್ತದೆ. ಸೋಂಕಿಲ್ಲದ 950 ಜನರಲ್ಲಿ ನೂರಕ್ಕೆ ಐದರಂತೆ ಇನ್ನೂ 47 ಅಥವಾ 48 ಮಂದಿಯನ್ನು ತಪ್ಪಾಗಿ ಪಾಸಿಟಿವ್ ಎನ್ನುತ್ತದೆ. ಎಂದರೆ ಪಾಸಿಟಿವ್ ವರದಿ ಹಿಡಿದು ಹೊರಬಂದವರಲ್ಲಿ ಅರ್ಧದಷ್ಟು ಜನರಿಗೆ ಆ ರೋಗವೇ ಇಲ್ಲ. ಪರೀಕ್ಷೆಗೆ ಒಳಪಡುವವರಲ್ಲಿ ಸೋಂಕು ಅಪರೂಪವಾದಷ್ಟೂ ಈ ಸುಳ್ಳಿನ ಪಾಲು ಏರುತ್ತದೆ. ರೋಗಲಕ್ಷಣವೇ ಇಲ್ಲದವರಿಗೆ ಹರ್ಪಿಸ್ ರಕ್ತಪರೀಕ್ಷೆ ಮಾಡಬೇಡಿ ಎಂದು ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2016ರಲ್ಲಿ ಹೇಳಿದ್ದನ್ನು 2023ರಲ್ಲಿ ಪುನಃ ಹೇಳಿದ್ದು ಈ ಲೆಕ್ಕದ ಮೇಲೆಯೇ.

ನಮ್ಮ ಊರುಗಳಲ್ಲಿ ಯಾರೂ ಬೇಡದ ಈ ಪರೀಕ್ಷೆ ರೋಗಿಯ ತಲೆಗೆ ಬೀಳುವುದು ಹೇಗೆ? ಒಂದು, ‘ಸಂಪೂರ್ಣ ತಪಾಸಣೆ’ ಎಂಬ ರಿಯಾಯಿತಿ ಪ್ಯಾಕೇಜುಗಳಿಂದ. ಇನ್ನೊಂದು, ಹೆಚ್ಚು ಗಂಭೀರವಾದುದು, ‘ಟಾರ್ಚ್’ ಎಂಬ ಪರೀಕ್ಷಾ ಗುಚ್ಛದಿಂದ. ಟಾಕ್ಸೋಪ್ಲಾಸ್ಮಾ, ರುಬೆಲ್ಲಾ, ಸೈಟೊಮೆಗಾಲೊ, ಹರ್ಪಿಸ್ ಎಂಬ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ 1971ರಲ್ಲಿ ಆಂದ್ರೆ ನಹ್ಮಿಯಾಸ್ ಎಂಬ ಮಕ್ಕಳ ವೈದ್ಯರು ಈ ಪದವನ್ನು ಹುಟ್ಟಿಸಿದರು. ಅವರ ಗಮನವಿದ್ದದ್ದು ತಾಯಿಯಿಂದ ನವಜಾತ ಶಿಶುವಿಗೆ ತಗಲುವ ಸೋಂಕುಗಳ ಮೇಲೆ. ಅದು ಭಾರತಕ್ಕೆ ಬರುವ ಹೊತ್ತಿಗೆ, ಗರ್ಭಪಾತವಾದ ಹೆಣ್ಣುಮಕ್ಕಳಿಗೆಲ್ಲ ಕಣ್ಣುಮುಚ್ಚಿ ಬರೆದುಕೊಡುವ ಚೀಟಿಯಾಗಿ ಮಾರ್ಪಟ್ಟಿತು. ಪದೇ ಪದೇ ಗರ್ಭಪಾತವಾಗುವುದಕ್ಕೆ ಕಾರಣ ಹುಡುಕಲು ಟಾರ್ಚ್ ಪರೀಕ್ಷೆ ಮಾಡುವ ರೂಢಿಯನ್ನು ಕೈಬಿಡಬೇಕೆಂದು ಬ್ರಿಟನ್ನಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2011ರ ಮಾರ್ಗಸೂಚಿಯಲ್ಲೇ ಹೇಳಿದೆ. ವೈದ್ಯರ ಸಂಕಟವನ್ನೂ ಇಲ್ಲಿ ಮರೆಯಲಾಗದು. ಎರಡು ಗರ್ಭ ಕಳೆದುಕೊಂಡು ಎದುರು ಕುಳಿತ ದಂಪತಿಗೆ ‘ಕಾರಣ ಗೊತ್ತಾಗುತ್ತಿಲ್ಲ’ ಎಂದು ಹೇಳುವುದಕ್ಕಿಂತ ಇನ್ನೊಂದು ಪರೀಕ್ಷೆ ಬರೆದುಕೊಡುವುದು ಸುಲಭ. ಕಾರಣವೊಂದು ಸಿಕ್ಕಿತೆಂಬ ಸಮಾಧಾನ ಅವರಿಗೂ ಬೇಕು. ಆದರೆ ಹಾಗೆ ಸಿಕ್ಕ ಕಾರಣ ಸುಳ್ಳಾಗಿದ್ದರೆ ನಿಜವಾದ ಕಾರಣದ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ಹರ್ಪಿಸ್‌ನಿಂದ ಬಸುರಿಗೆ ಅಪಾಯವೇ ಇಲ್ಲವೆಂದಲ್ಲ. ಹೆರಿಗೆಯ ದಿನಗಳು ಹತ್ತಿರವಾದಾಗ ತಾಯಿಗೆ ಮೊದಲ ಬಾರಿ ಜನನಾಂಗದ ಹರ್ಪಿಸ್ ತಗಲಿದರೆ ಮಗುವಿಗೆ ದಾಟುವ ಸಂಭವ ನೂರಕ್ಕೆ 30ರಿಂದ 50ರಷ್ಟಿದೆ, ಮಗುವಿಗೆ ಅದು ಮಾರಕವೂ ಆಗಬಲ್ಲದು. ಹಳೆಯ ಸೋಂಕಿರುವ ತಾಯಿಯಲ್ಲಿ ಈ ಸಂಭವ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಹೆರಿಗೆಯ ಹೊತ್ತಿಗೆ ಹುಣ್ಣು ಇದೆಯೇ ಎಂದು ಕಣ್ಣಾರೆ ನೋಡಿ, ಕೇಳಿ ತಿಳಿಯುವ ಸೂಲಗಿತ್ತಿಯೋ ವೈದ್ಯೆಯೋ ಇಲ್ಲಿ ಐಜಿಎಂ ಹಾಳೆಗಿಂತ ಎಷ್ಟೋ ಉಪಯುಕ್ತ.

ಇದೇ ವ್ಯವಸ್ಥೆಯೊಳಗೆ ಎಚ್‌ಐವಿ ಪರೀಕ್ಷೆಯನ್ನು ನಾವು ಎಷ್ಟು ಜವಾಬ್ದಾರಿಯಿಂದ ಕಟ್ಟಿದ್ದೇವೆ ಎಂಬುದನ್ನು ನೋಡಿದರೆ ವಿಪರ್ಯಾಸ ಎದ್ದು ಕಾಣುತ್ತದೆ. ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ರಕ್ತ ತೆಗೆಯುವ ಮುನ್ನ ಆಪ್ತ ಸಮಾಲೋಚಕರು ಮಾತನಾಡುತ್ತಾರೆ, ಒಪ್ಪಿಗೆ ಪಡೆಯುತ್ತಾರೆ. ರೋಗಲಕ್ಷಣವಿಲ್ಲದ ವ್ಯಕ್ತಿಯನ್ನು ಪಾಸಿಟಿವ್ ಎಂದು ಘೋಷಿಸಬೇಕಾದರೆ ಬೇರೆ ಬೇರೆ ರೀತಿಯ ಮೂರು ಪರೀಕ್ಷೆಗಳು ಒಂದೇ ಉತ್ತರ ಕೊಡಬೇಕು. ಆಮೇಲೂ ಮುಖತಃ ಕೂರಿಸಿಕೊಂಡು ಹೇಳುತ್ತಾರೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಒಪ್ಪಿಗೆ ಮತ್ತು ಗೋಪ್ಯತೆಯನ್ನು ಕಾನೂನಿನ ಹಕ್ಕಾಗಿಯೇ ಮಾಡಿದೆ. ಹರ್ಪಿಸ್ ಪ್ರಾಣ ತೆಗೆಯುವ ಕಾಯಿಲೆ ಅಲ್ಲ, ಆದುದರಿಂದ ಅದಕ್ಕೆ ಇಷ್ಟೆಲ್ಲ ಬೇಡ ಎಂದು ವಾದಿಸಬಹುದು. ಆದರೆ ಮನೆ ಒಡೆಯುವುದಕ್ಕೆ ಪ್ರಾಣಾಂತಕ ಕಾಯಿಲೆಯೇ ಬೇಕೆಂದಿಲ್ಲ, ಕಳಂಕ ಸಾಕು. ಎಚ್‌ಐವಿಗೆ ಮೂರು ಪರೀಕ್ಷೆ ಬೇಕೆಂದ ಸಮಾಜ ಹರ್ಪಿಸ್‌ಗೆ ಒಂದೇ ಒಂದು, ಅದೂ ದುರ್ಬಲವಾದ ಪರೀಕ್ಷೆಯನ್ನು ತೀರ್ಪು ಎಂದು ಒಪ್ಪಿಕೊಂಡಿದೆ.

ತೀರ್ಪು ಎಂಬ ಮಾತು ಇಲ್ಲಿ ಅಲಂಕಾರವಲ್ಲ. ಹಿಂದೂ ವಿವಾಹ ಕಾಯ್ದೆಯ 13ನೆಯ ಕಲಮಿನಂತೆ ಅಂಟುವ ಸ್ವರೂಪದ ಗುಹ್ಯರೋಗ ಇಂದಿಗೂ ವಿಚ್ಛೇದನಕ್ಕೆ ಒಂದು ಆಧಾರ. ಕುಷ್ಠರೋಗವನ್ನು ಆ ಪಟ್ಟಿಯಿಂದ 2019ರಲ್ಲಿ ತೆಗೆದುಹಾಕಲಾಯಿತು, ಗುಹ್ಯರೋಗ ಹಾಗೇ ಉಳಿದಿದೆ. ಪ್ರಯೋಗಾಲಯದ ಹಾಳೆಯೊಂದು ವಕೀಲರ ಕಡತಕ್ಕೆ ಸೇರುವ ದಾರಿ ಅಷ್ಟೇನೂ ದೂರದ್ದಲ್ಲ. ಹಾಗೆ ಸೇರಿದಾಗ ಎದುರು ಪಕ್ಷದವರು ಕೇಳಬೇಕಾದ ಪ್ರಶ್ನೆಗಳಿವೆ. ಅದು ಐಜಿಎಂ ಪರೀಕ್ಷೆಯೋ ಐಜಿಜಿಯೋ? ಬಗೆ ಬೇರ್ಪಡಿಸಿದ್ದಾರೆಯೇ? ಸಂಖ್ಯೆ ಎಷ್ಟು? ಬೇರೆ ವಿಧಾನದಿಂದ ಖಚಿತಪಡಿಸಿದ್ದಾರೆಯೇ? ಇವೆಲ್ಲಕ್ಕೂ ಸಮರ್ಪಕ ಉತ್ತರ ಸಿಕ್ಕು, ಸೋಂಕು ನಿಜವೆಂದೇ ಆದರೂ, ಅದು ಯಾವಾಗ ತಗಲಿತು, ಯಾರಿಂದ ತಗಲಿತು ಎಂಬುದನ್ನು ರಕ್ತಪರೀಕ್ಷೆ ಹೇಳಲಾರದು. ಮದುವೆಗೆ ಹತ್ತು ವರ್ಷ ಮುಂಚಿನದಿರಬಹುದು, ಗಂಡನಿಂದಲೇ ಬಂದದ್ದಿರಬಹುದು, ಗಂಡನಿಗೆ ಅದು ಇರುವುದೇ ಅವನಿಗೆ ಗೊತ್ತಿಲ್ಲದಿರಬಹುದು. ನಡತೆಗೆ ಸಾಕ್ಷಿ ಹೇಳುವ ಶಕ್ತಿ ಈ ಹಾಳೆಗೆ ಇಲ್ಲವೇ ಇಲ್ಲ.

ದುರ್ಬಲ ಪರೀಕ್ಷೆಗಳನ್ನು ಮಾರುಕಟ್ಟೆಯಿಂದ ಹೊರಹಾಕುವುದು ಸರ್ಕಾರದಿಂದ ಆಗದ ಕೆಲಸವೇನಲ್ಲ. ಕ್ಷಯರೋಗ ಪತ್ತೆಗೆಂದು ದೇಶದಾದ್ಯಂತ ಖಾಸಗಿ ಪ್ರಯೋಗಾಲಯಗಳು ಮಾಡುತ್ತಿದ್ದ ಪ್ರತಿಕಾಯ ಪರೀಕ್ಷೆ ದಾರಿ ತಪ್ಪಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಎಚ್ಚರಿಸಿತು. ಕೇಂದ್ರ ಸರ್ಕಾರ 2012ರಲ್ಲಿ ಆ ಕಿಟ್‌ಗಳ ಆಮದು, ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ನಿಷೇಧಿಸಿತು. ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಚೀನಾದಿಂದ ತರಿಸಿದ ಎರಡು ಕಂಪನಿಗಳ ಕ್ಷಿಪ್ರ ಪ್ರತಿಕಾಯ ಕಿಟ್‌ಗಳ ಬಳಕೆ ನಿಲ್ಲಿಸಿ ವಾಪಸು ಕಳುಹಿಸುವಂತೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರಾಜ್ಯಗಳಿಗೆ ಸೂಚಿಸಿತ್ತು. ಅವು ಎಲ್ಲರಿಗೂ ತಟ್ಟುವ ರೋಗಗಳು, ಸಾರ್ವಜನಿಕವಾಗಿ ಗದ್ದಲ ಎದ್ದಿತು, ಕೆಲಸ ಆಯಿತು. ಹರ್ಪಿಸ್ ವರದಿ ತಪ್ಪಾಗಿ ಬಂದವರು ಬೀದಿಗೆ ಬಂದು ಪ್ರತಿಭಟಿಸುತ್ತಾರೆಯೇ? ಕದ ಹಾಕಿಕೊಂಡು ಅಳುತ್ತಾರೆ. ಈ ಪರೀಕ್ಷೆ ಯಾರ ತಕರಾರೂ ಇಲ್ಲದೆ ನಡೆದುಕೊಂಡು ಬಂದಿರುವುದಕ್ಕೆ ಮುಖ್ಯ ಕಾರಣ ಈ ಮೌನವೇ ಎಂದು ನನಗನ್ನಿಸುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ತುದಿಗೂ ಹೋಗಬಾರದು. ಜನನಾಂಗದಲ್ಲಿ ನೋಯುವ ಗುಳ್ಳೆ ಅಥವಾ ಹುಣ್ಣು ಇದ್ದು, ಅದು ಮತ್ತೆ ಮತ್ತೆ ಬರುತ್ತಿದ್ದರೆ, ವರದಿಯೇ ಸುಳ್ಳೆಂದು ತಳ್ಳಿಹಾಕುವುದು ಅಪಾಯ. ಅಂಥವರಿಗೆ ಬೇಕಾದುದು ರಕ್ತಪರೀಕ್ಷೆಗಿಂತ, ಹುಣ್ಣು ಹಸಿಯಾಗಿರುವಾಗಲೇ ಅದರಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆದು ಮಾಡುವ ಪಿಸಿಆರ್ ಪರೀಕ್ಷೆ. ಅದು ವೈರಾಣುವನ್ನೇ ಹುಡುಕುತ್ತದೆ, ಬಗೆಯನ್ನೂ ಹೇಳುತ್ತದೆ. ಹುಣ್ಣು ಒಣಗಿದ ಮೇಲೆ ತೆಗೆದ ಮಾದರಿಯಲ್ಲಿ ಏನೂ ಸಿಗದೆ ಹೋಗಬಹುದು. ಚರ್ಮ ಮತ್ತು ಲೈಂಗಿಕ ರೋಗ ತಜ್ಞರು ನೋಡಿದರೆ ಎಷ್ಟೋ ಸಲ ಕಣ್ಣಿನ ಪರೀಕ್ಷೆಯಿಂದಲೇ ಚಿಕಿತ್ಸೆ ಶುರುಮಾಡುತ್ತಾರೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ‘ಸುರಕ್ಷಾ’ ಕ್ಲಿನಿಕ್‌ಗಳ ಬಣ್ಣದ ಔಷಧ ಕಿಟ್‌ಗಳಲ್ಲಿ ಕೆಂಪು ಬಣ್ಣದ್ದು ಇದಕ್ಕೆಂದೇ ಇರುವುದು. ಅಸೈಕ್ಲೊವಿರ್ ಮಾತ್ರೆ ದುಬಾರಿಯೂ ಅಲ್ಲ. ಯಾವ ಲಕ್ಷಣವೂ ಇಲ್ಲದೆ ವರದಿ ಮಾತ್ರ ಪಾಸಿಟಿವ್ ಬಂದವರ ವಿಷಯ ಬೇರೆ. ಅವರು ಮೊದಲು ಆ ಹಾಳೆಯಲ್ಲಿ ಸಂಖ್ಯೆ ಮತ್ತು ಪರೀಕ್ಷೆಯ ಹೆಸರನ್ನು ಹುಡುಕಬೇಕು. ಐಜಿಎಂ ಮಾತ್ರ ಆಗಿದ್ದರೆ ಅದನ್ನು ಬದಿಗಿಡಬಹುದು. ಐಜಿಜಿ ಕಡಿಮೆ ಸಂಖ್ಯೆಯದಾಗಿದ್ದರೆ ಇನ್ನೊಂದು ಪ್ರಯೋಗಾಲಯದಲ್ಲಿ, ಬೇರೆ ವಿಧಾನದಿಂದ ಮತ್ತೆ ಮಾಡಿಸಬೇಕು; ಇತ್ತೀಚೆಗೆ ಸಂಪರ್ಕವಾದ ಶಂಕೆಯಿದ್ದರೆ ಹನ್ನೆರಡು ವಾರ ಕಳೆದ ಮೇಲೆ ಮಾಡಿಸುವುದು ಒಳ್ಳೆಯದು, ಏಕೆಂದರೆ ಪ್ರತಿಕಾಯ ಹುಟ್ಟಲು ಅಷ್ಟು ಕಾಲ ಬೇಕಾಗಬಹುದು. ಅಂತಿಮ ಪ್ರಮಾಣವೆನಿಸಿರುವ ವೆಸ್ಟರ್ನ್ ಬ್ಲಾಟ್‌ಗೆ ಹೆಸರಾದುದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ. ಭದ್ರಾವತಿಯ ಹಳೇನಗರದ ಮನೆಯವರಿಗೆ ಅದು ಕೈಗೆಟುಕದ ಮಾತು. ಹಾಗಾಗಿ ಮೊದಲ ಪರೀಕ್ಷೆಯನ್ನು ವಿನಾಕಾರಣ ಮಾಡದಿರುವುದೇ ಇಲ್ಲಿ ಹೆಚ್ಚು ಮುಖ್ಯವಾಗುತ್ತದೆ.

ದಿಲ್ಲಿಯ ಆದೇಶಕ್ಕೆ ಕಾಯದೆ ಜಿಲ್ಲೆಯ ಮಟ್ಟದಲ್ಲೇ ಆಗಬಹುದಾದ ಕೆಲಸವೂ ಇದೆ. ಖಾಸಗಿ ಪ್ರಯೋಗಾಲಯಗಳೂ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಬೇಕು. 2017ರ ತಿದ್ದುಪಡಿಯ ನಂತರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲಿದೆ. ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಅದಕ್ಕೆ ಸೇರಿದ ಮೆಗ್ಗಾನ್ ಆಸ್ಪತ್ರೆಯೂ ಇವೆ. ಅಲ್ಲಿನ ಸೂಕ್ಷ್ಮಜೀವಿ ಶಾಸ್ತ್ರ, ಪ್ರಸೂತಿ ಮತ್ತು ಚರ್ಮರೋಗ ವಿಭಾಗಗಳ ವೈದ್ಯರನ್ನು ಒಂದು ಮಧ್ಯಾಹ್ನ ಕೂರಿಸಿದರೆ ಸಾಕು, ಒಂದು ಪುಟದ ಸಲಹಾಪತ್ರ ಸಿದ್ಧವಾದೀತು. ಹರ್ಪಿಸ್ ಐಜಿಎಂ ಅನ್ನು ಪ್ಯಾಕೇಜಿನಿಂದ ಕೈಬಿಡಿ, ಐಜಿಜಿ ವರದಿಯಲ್ಲಿ ಬಗೆ, ಸಂಖ್ಯೆ, ಕಿಟ್‌ನ ಹೆಸರು ಮುದ್ರಿಸಿ, ಕಡಿಮೆ ಸಂಖ್ಯೆ ಬಂದಾಗ ‘ಖಚಿತಪಡಿಸಿಕೊಳ್ಳಬೇಕು’ ಎಂಬ ಒಂದು ಸಾಲನ್ನು ಕನ್ನಡದಲ್ಲೂ ಸೇರಿಸಿ, ವರದಿಯನ್ನು ಮೊಬೈಲಿಗೆ ಎಸೆಯುವ ಮುನ್ನ ಬರೆದುಕೊಟ್ಟ ವೈದ್ಯರಿಗೆ ಕಳುಹಿಸಿ ಎಂಬಷ್ಟು ಇದ್ದರೆ ಆಯಿತು. ಹಾಗೆ ಮುದ್ರಿಸುವ ಆ ಒಂದು ಸಾಲಿಗೆ ತಗಲುವ ಖರ್ಚು ಶೂನ್ಯ.